ಪಾರ್ಶ್ವವಾಯು ಪೀಡಿತರ ತೋಳಿನ ಚಲನೆಯ ದೂರ ಮೌಲ್ಯಮಾಪನ

ಪಾರ್ಶ್ವವಾಯು ಪೀಡಿತರ ತೋಳಿನ ಚಲನೆಯ ದೂರ ಮೌಲ್ಯಮಾಪನ ಎಂದರೆ ಪಾರ್ಶ್ವವಾಯುವಿನಿಂದ ಚೇತರಿಸಿಕೊಳ್ಳುತ್ತಿರುವ ವ್ಯಕ್ತಿಯ ಭುಜ, ಮೊಣಕೈ, ಮಣಿಕಟ್ಟು ಮತ್ತು ಬೆರಳುಗಳ ಚಲನಶಕ್ತಿಯನ್ನು ವೈದ್ಯರು ಅಥವಾ ಭೌತಚಿಕಿತ್ಸಕರು ಮತ್ತೊಂದು ಸ್ಥಳದಲ್ಲಿದ್ದುಕೊಂಡೇ ಅಳೆಯುವ ವಿಧಾನ. ವಿಡಿಯೊ ಕರೆ, ಮೊದಲೇ ಚಿತ್ರೀಕರಿಸಿ ಕಳುಹಿಸಿದ ದೃಶ್ಯ, ದೂರವಾಣಿ ಮೂಲಕ ಕೇಳುವ ಪ್ರಶ್ನಾವಳಿ, ಮಣಿಕಟ್ಟಿಗೆ ಕಟ್ಟುವ ಸಂವೇದಕ ಹಾಗೂ ಕ್ಯಾಮೆರಾ ಚಿತ್ರಗಳ ಗಣಕ ವಿಶ್ಲೇಷಣೆ ಇದರ ಮುಖ್ಯ ಸಾಧನಗಳು. ಇದು ದೂರ ಪುನಶ್ಚೇತನ ಚಿಕಿತ್ಸೆ ಅಥವಾ ಟೆಲಿ-ರಿಹ್ಯಾಬಿಲಿಟೇಶನ್ ಎಂಬ ವಿಶಾಲ ಕ್ಷೇತ್ರದ ಒಂದು ಭಾಗ.

ಚಿಕಿತ್ಸೆ ಫಲಿಸುತ್ತಿದೆಯೇ, ವ್ಯಾಯಾಮವನ್ನು ಬದಲಿಸಬೇಕೇ, ರೋಗಿಯನ್ನು ಆಸ್ಪತ್ರೆಗೆ ಕರೆಸಬೇಕೇ ಎಂಬ ತೀರ್ಮಾನಗಳು ಅಳತೆಯನ್ನು ಅವಲಂಬಿಸಿವೆ. ಆಸ್ಪತ್ರೆಯಿಂದ ದೂರವಿರುವ ಗ್ರಾಮಗಳಲ್ಲಿ ಈ ಅಳತೆ ಬಹಳಷ್ಟು ಸಂದರ್ಭಗಳಲ್ಲಿ ನಡೆಯುವುದೇ ಇಲ್ಲ. ಚೇತರಿಕೆ ಅತಿ ವೇಗವಾಗಿರುವ ಮೊದಲ ಮೂರು ತಿಂಗಳು ಯಾರೂ ನೋಡದೆ ಕಳೆದುಹೋಗುವುದನ್ನು ತಪ್ಪಿಸುವುದು ದೂರ ಮೌಲ್ಯಮಾಪನದ ಮುಖ್ಯ ಉದ್ದೇಶ.

ಹಿನ್ನೆಲೆ

ಮೆದುಳಿನ ಒಂದು ಭಾಗಕ್ಕೆ ರಕ್ತಪೂರೈಕೆ ನಿಂತಾಗ ಅಥವಾ ಮೆದುಳಿನೊಳಗಿನ ರಕ್ತನಾಳ ಒಡೆದಾಗ ಪಾರ್ಶ್ವವಾಯು ಉಂಟಾಗುತ್ತದೆ. ಆಡುಮಾತಿನಲ್ಲಿ ಇದನ್ನು ಲಕ್ವ ಹೊಡೆಯುವುದು ಎನ್ನುತ್ತಾರೆ. ಮೆದುಳಿನ ಎಡಭಾಗಕ್ಕೆ ಪೆಟ್ಟಾದರೆ ಬಲಗೈ ಮತ್ತು ಬಲಗಾಲು, ಬಲಭಾಗಕ್ಕೆ ಪೆಟ್ಟಾದರೆ ಎಡಗೈ ಮತ್ತು ಎಡಗಾಲು ದುರ್ಬಲಗೊಳ್ಳುತ್ತವೆ. ಮೆದುಳಿನ ಮಧ್ಯ ಅಪಧಮನಿಯ ವ್ಯಾಪ್ತಿಯಲ್ಲಿ ಹಾನಿಯಾದಾಗ ಸಾಮಾನ್ಯವಾಗಿ ಕಾಲಿಗಿಂತ ಕೈ ಹೆಚ್ಚು ಬಾಧಿತವಾಗುತ್ತದೆ. ರೋಗಿ ಕೋಲೂರಿಕೊಂಡು ನಡೆಯಲು ಆರಂಭಿಸಿದ ಮೇಲೂ ಕೈ ಮಡಿಚಿಕೊಂಡು ಎದೆಗೆ ಅಂಟಿಕೊಂಡಿರುವುದು ಇದರಿಂದಲೇ.

ತೋಳಿನ ಚೇತರಿಕೆ ಒಂದು ಕ್ರಮವನ್ನು ಅನುಸರಿಸುತ್ತದೆ ಎಂಬುದನ್ನು ಸ್ವೀಡನ್ ಮೂಲದ ಭೌತಚಿಕಿತ್ಸಕಿ ಸಿಗ್ನೆ ಬ್ರನ್‌ಸ್ಟ್ರಾಮ್ ವಿವರಿಸಿದರು. ಮೊದಲು ಕೈ ಸಂಪೂರ್ಣ ಜೋಲುಬಿದ್ದಿರುತ್ತದೆ. ಬಳಿಕ ಸ್ನಾಯುಗಳಲ್ಲಿ ಬಿಗಿತ ಕಾಣಿಸಿಕೊಳ್ಳುತ್ತದೆ. ಕೈ ಎತ್ತಲು ಯತ್ನಿಸಿದರೆ ಭುಜ, ಮೊಣಕೈ ಮತ್ತು ಬೆರಳುಗಳು ಒಟ್ಟಾಗಿ ಮಡಿಚಿಕೊಳ್ಳುತ್ತವೆ. ಚೇತರಿಕೆ ಮುಂದುವರಿದಂತೆ ಒಂದೊಂದು ಕೀಲನ್ನೂ ಬೇರೆಬೇರೆಯಾಗಿ ಚಲಿಸುವ ಶಕ್ತಿ ಮರಳುತ್ತದೆ. ಎಲ್ಲ ರೋಗಿಗಳೂ ಕೊನೆಯ ಹಂತವನ್ನು ತಲುಪುವುದಿಲ್ಲ. ಯಾರು ಯಾವ ಹಂತದಲ್ಲಿದ್ದಾರೆ ಎಂದು ತಿಳಿಯುವುದೇ ಮೌಲ್ಯಮಾಪನದ ಕೆಲಸ.

ಆರಂಭದ ಅಳತೆಗೆ ಮುನ್ಸೂಚನೆಯ ಮೌಲ್ಯವೂ ಇದೆ. ನೆದರ್‌ಲೆಂಡ್ಸ್‌ನಲ್ಲಿ ನಡೆದು 2010ರಲ್ಲಿ ಪ್ರಕಟವಾದ ಅಧ್ಯಯನವೊಂದರ ಪ್ರಕಾರ, ಪಾರ್ಶ್ವವಾಯು ಆದ 72 ಗಂಟೆಗಳೊಳಗೆ ಬೆರಳುಗಳನ್ನು ಸ್ವಲ್ಪವಾದರೂ ಬಿಡಿಸಿ, ತೋಳನ್ನು ಸ್ವಲ್ಪವಾದರೂ ಪಕ್ಕಕ್ಕೆ ಎತ್ತಬಲ್ಲ ರೋಗಿಗಳಿಗೆ ಆರು ತಿಂಗಳ ಹೊತ್ತಿಗೆ ಕೈಚಳಕ ಒಂದಿಷ್ಟು ಮರಳುವ ಸಂಭವ ಶೇ. 98. ಇವೆರಡನ್ನೂ ಮಾಡಲಾಗದವರಲ್ಲಿ ಆ ಸಂಭವ ಶೇ. 25. ಈ ಎರಡು ಚಲನೆಗಳನ್ನು ನೋಡಲು ಯಾವ ಉಪಕರಣವೂ ಬೇಕಾಗಿಲ್ಲ.

ಮುಖತಃ ಬಳಸುವ ಮಾಪಕಗಳು

ದೂರ ಮೌಲ್ಯಮಾಪನದ ಹೆಚ್ಚಿನ ವಿಧಾನಗಳು ಆಸ್ಪತ್ರೆಯಲ್ಲಿ ಮುಖತಃ ಬಳಸುತ್ತಿದ್ದ ಮಾಪಕಗಳನ್ನೇ ಮಾರ್ಪಡಿಸಿಕೊಂಡಿವೆ.

ಫ್ಯೂಗಲ್-ಮೇಯರ್ ಮಾಪಕ: ಸ್ವೀಡನ್ನಿನ ಆಕ್ಸೆಲ್ ಫ್ಯೂಗಲ್-ಮೇಯರ್ ಮತ್ತು ಸಹೋದ್ಯೋಗಿಗಳು 1975ರಲ್ಲಿ ಪ್ರಕಟಿಸಿದರು. ತೋಳಿಗೆ ಸಂಬಂಧಿಸಿದ 33 ಅಂಶಗಳಿಗೆ ತಲಾ 0, 1 ಅಥವಾ 2 ಅಂಕ ನೀಡಲಾಗುತ್ತದೆ, ಗರಿಷ್ಠ 66. ಇದರಲ್ಲಿ ಭುಜ, ಮೊಣಕೈ ಮತ್ತು ಮುಂಗೈಗೆ 36, ಮಣಿಕಟ್ಟಿಗೆ 10, ಹಸ್ತಕ್ಕೆ 14, ವೇಗ ಮತ್ತು ಹೊಂದಾಣಿಕೆಗೆ 6 ಅಂಕಗಳಿವೆ.

ಆಕ್ಷನ್ ರಿಸರ್ಚ್ ಆರ್ಮ್ ಟೆಸ್ಟ್: ರೊನಾಲ್ಡ್ ಲೈಲ್ 1981ರಲ್ಲಿ ರೂಪಿಸಿದ ಪರೀಕ್ಷೆ. 19 ಕೆಲಸಗಳಿಗೆ ತಲಾ 0ರಿಂದ 3 ಅಂಕ, ಗರಿಷ್ಠ 57. ನಿಗದಿತ ಅಳತೆಯ ಮರದ ತುಂಡುಗಳು, ಕ್ರಿಕೆಟ್ ಚೆಂಡು, ಗೋಲಿ, ನೀರು ಸುರಿಯುವ ಲೋಟಗಳು ಇದಕ್ಕೆ ಬೇಕಾಗುತ್ತವೆ.

ವುಲ್ಫ್ ಮೋಟಾರ್ ಫಂಕ್ಷನ್ ಟೆಸ್ಟ್: 17 ಅಂಶಗಳ ಪರೀಕ್ಷೆ. 15 ಕೆಲಸಗಳಿಗೆ ಹಿಡಿಯುವ ಸಮಯವನ್ನು ಅಳೆಯಲಾಗುತ್ತದೆ. ಉಳಿದ ಎರಡು ಬಲಪರೀಕ್ಷೆಗಳು. ಒಂದು ಕೆಲಸಕ್ಕೆ ಗರಿಷ್ಠ 120 ಸೆಕೆಂಡು ಅವಕಾಶವಿದೆ.

ಬಾಕ್ಸ್ ಅಂಡ್ ಬ್ಲಾಕ್ ಟೆಸ್ಟ್: ಪೆಟ್ಟಿಗೆಯ ಒಂದು ಭಾಗದಿಂದ ಇನ್ನೊಂದು ಭಾಗಕ್ಕೆ 60 ಸೆಕೆಂಡುಗಳಲ್ಲಿ ಎಷ್ಟು ಘನಾಕಾರದ ಮರದ ತುಂಡುಗಳನ್ನು ಸಾಗಿಸಬಹುದು ಎಂಬುದರ ಎಣಿಕೆ.

ಮೋಟಾರ್ ಆ್ಯಕ್ಟಿವಿಟಿ ಲಾಗ್: ದಿನನಿತ್ಯದ ಕೆಲಸಗಳಲ್ಲಿ ಬಾಧಿತ ಕೈಯನ್ನು ಎಷ್ಟು ಮತ್ತು ಎಷ್ಟು ಚೆನ್ನಾಗಿ ಬಳಸಲಾಗುತ್ತಿದೆ ಎಂದು ಕೇಳಿ ತಿಳಿಯುವ ಸಂದರ್ಶನ. ಹೆಚ್ಚು ಬಳಕೆಯಲ್ಲಿರುವ ರೂಪದಲ್ಲಿ 30 ಕೆಲಸಗಳಿವೆ.

ಇತಿಹಾಸ

ಪಾರ್ಶ್ವವಾಯು ರೋಗಿಯನ್ನು ದೂರದಿಂದ ಪರೀಕ್ಷಿಸುವ ಪದ್ಧತಿ ಮೊದಲು ತುರ್ತು ಚಿಕಿತ್ಸೆಯಲ್ಲಿ ಬಂತು. ಅಮೆರಿಕದ ಲೆವಿನ್ ಮತ್ತು ಗೋರ್ಮನ್ 1999ರಲ್ಲಿ ಪ್ರಕಟಿಸಿದ ಲೇಖನದಲ್ಲಿ ‘ಟೆಲಿಸ್ಟ್ರೋಕ್’ ಎಂಬ ಪದವನ್ನು ಬಳಸಿದರು. ರಕ್ತದ ಹೆಪ್ಪನ್ನು ಕರಗಿಸುವ ಔಷಧವನ್ನು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಗಳೊಳಗೆ ಕೊಡಬೇಕಾಗಿರುವುದರಿಂದ, ನರರೋಗ ತಜ್ಞರಿಲ್ಲದ ಆಸ್ಪತ್ರೆಗಳಲ್ಲಿರುವ ರೋಗಿಯನ್ನು ವಿಡಿಯೊ ಮೂಲಕ ಪರೀಕ್ಷಿಸಲಾಯಿತು. ಇದಕ್ಕೆ ಬಳಸುವ ಎನ್‌ಐಎಚ್‌ಎಸ್‌ಎಸ್ ಮಾಪಕದಲ್ಲಿ ತೋಳಿನ ಪರೀಕ್ಷೆಯೂ ಸೇರಿದೆ. ರೋಗಿ ಚಾಚಿದ ತೋಳನ್ನು 10 ಸೆಕೆಂಡುಗಳ ಕಾಲ ಎತ್ತಿ ಹಿಡಿಯಬೇಕು. ತೋಳು ಅಲುಗದಿದ್ದರೆ 0, ಕೆಳಗೆ ಜಾರಿದರೆ 1, ಚಲನೆಯೇ ಇಲ್ಲದಿದ್ದರೆ 4 ಅಂಕ.

ಪುನಶ್ಚೇತನ ಚಿಕಿತ್ಸೆಯಲ್ಲಿ ದೂರ ಮಾಪನ ನಿಧಾನವಾಗಿ ಬೆಳೆಯಿತು. ಮೈಕ್ರೋಸಾಫ್ಟ್ 2010ರಲ್ಲಿ ಬಿಡುಗಡೆ ಮಾಡಿದ ಕಿನೆಕ್ಟ್ ಎಂಬ ಆಟದ ಕ್ಯಾಮೆರಾ ಆಳವನ್ನೂ ಗ್ರಹಿಸುತ್ತಿದ್ದುದರಿಂದ ಅನೇಕ ಸಂಶೋಧಕರು ಅದನ್ನು ತೋಳಿನ ಚಲನೆ ಅಳೆಯಲು ಬಳಸಿದರು. 2018ರಲ್ಲಿ ಜಪಾನಿನ ಸಂಶೋಧಕರು ಫ್ಯೂಗಲ್-ಮೇಯರ್ ಮಾಪಕ ಮತ್ತು ಆಕ್ಷನ್ ರಿಸರ್ಚ್ ಆರ್ಮ್ ಟೆಸ್ಟ್‌ಗಳನ್ನು ದೂರದಿಂದ ನಡೆಸಿ ಅವುಗಳ ವಿಶ್ವಾಸಾರ್ಹತೆಯನ್ನು ಪರಿಶೀಲಿಸಿದರು. 2020ರ ಕೋವಿಡ್-19 ಸಾಂಕ್ರಾಮಿಕದಿಂದ ಹೊರರೋಗಿ ವಿಭಾಗಗಳು ಮುಚ್ಚಿದಾಗ, ಸಂಶೋಧನೆಯ ವಿಷಯವಾಗಿದ್ದ ಈ ವಿಧಾನ ಜಗತ್ತಿನ ಅನೇಕ ಕಡೆ ನಿತ್ಯದ ಅಗತ್ಯವಾಯಿತು.

ವಿಧಾನಗಳು

ನೇರ ವಿಡಿಯೊ ಪರೀಕ್ಷೆ

ಇದು ಹೆಚ್ಚು ರೂಢಿಯಲ್ಲಿರುವ ವಿಧಾನ. ಪರೀಕ್ಷಕರು ವಿಡಿಯೊ ಕರೆಯಲ್ಲಿ ಒಂದೊಂದೇ ಚಲನೆಯನ್ನು ತಾವು ಮಾಡಿ ತೋರಿಸುತ್ತಾರೆ. ರೋಗಿ ಮೊದಲು ಸ್ವಸ್ಥ ಕೈಯಿಂದ, ನಂತರ ಬಾಧಿತ ಕೈಯಿಂದ ಅದನ್ನು ಮಾಡುತ್ತಾರೆ. ಬಾಧಿತ ಕೈಯನ್ನು ಅದೇ ಬದಿಯ ಕಿವಿಯ ಬಳಿಗೆ ಒಯ್ಯುವುದು, ಎದುರು ಮೊಣಕಾಲನ್ನು ಮುಟ್ಟುವುದು, ಕೈಯನ್ನು ಸೊಂಟದ ಹಿಂದಕ್ಕೆ ತರುವುದು, ಅಂಗೈಯನ್ನು ಮೇಲಕ್ಕೂ ಕೆಳಕ್ಕೂ ತಿರುಗಿಸುವುದು, ಬೆರಳು ಮಡಿಚಿ ಬಿಡಿಸುವುದು ಇವುಗಳಲ್ಲಿ ಸೇರಿವೆ. ಹೊಂದಾಣಿಕೆಯ ಪರೀಕ್ಷೆಯಲ್ಲಿ ಕಣ್ಣುಮುಚ್ಚಿ ತೋರುಬೆರಳಿನಿಂದ ಮೊಣಕಾಲು ಮತ್ತು ಮೂಗನ್ನು 5 ಬಾರಿ ಬೇಗಬೇಗ ಮುಟ್ಟಬೇಕು. ಎರಡೂ ಕೈಗಳು ತೆಗೆದುಕೊಂಡ ಸಮಯದ ವ್ಯತ್ಯಾಸವನ್ನು ಲೆಕ್ಕ ಹಾಕಲಾಗುತ್ತದೆ.

ಚಿತ್ರೀಕರಿಸಿ ಕಳುಹಿಸುವ ವಿಧಾನ

ಅಂತರಜಾಲ ಸಂಪರ್ಕ ದುರ್ಬಲವಾಗಿರುವಲ್ಲಿ ಮನೆಯವರು ಅಥವಾ ಆರೋಗ್ಯ ಕಾರ್ಯಕರ್ತರು ನಿಗದಿತ ಚಲನೆಗಳನ್ನು ಮೊಬೈಲ್‌ನಲ್ಲಿ ಚಿತ್ರೀಕರಿಸಿ, ಸಂಪರ್ಕ ಸಿಕ್ಕಾಗ ಕಳುಹಿಸುತ್ತಾರೆ. ಪರೀಕ್ಷಕರು ದೃಶ್ಯವನ್ನು ನಿಲ್ಲಿಸಿ, ಹಿಂದಕ್ಕೆ ಸರಿಸಿ ನೋಡಬಹುದು. ಇಬ್ಬರು ಪರೀಕ್ಷಕರು ಪ್ರತ್ಯೇಕವಾಗಿ ಅಂಕ ನೀಡಿ ಹೋಲಿಸಬಹುದು. ಆದರೆ ತಪ್ಪಾಗಿ ಮಾಡಿದ ಚಲನೆಯನ್ನು ಆ ಕ್ಷಣದಲ್ಲೇ ಸರಿಪಡಿಸಿ ಮತ್ತೆ ಮಾಡಿಸುವ ಅವಕಾಶ ಇದರಲ್ಲಿಲ್ಲ.

ಪ್ರಶ್ನಾವಳಿ

ಸ್ಮಾರ್ಟ್‌ಫೋನ್ ಇಲ್ಲದ ಮನೆಗಳಿಗೆ ಸಾಮಾನ್ಯ ದೂರವಾಣಿ ಕರೆಯಲ್ಲೇ ನಡೆಸಬಹುದಾದ ವಿಧಾನವಿದು. ರೋಗಿಗೆ ಏನು ಮಾಡಲು ಸಾಧ್ಯ ಎಂಬುದಕ್ಕಿಂತ ನಿಜವಾಗಿ ಏನು ಮಾಡುತ್ತಿದ್ದಾರೆ ಎಂಬುದು ಇದರಿಂದ ತಿಳಿಯುತ್ತದೆ. ಎರಡರ ನಡುವೆ ದೊಡ್ಡ ಅಂತರವಿರಬಹುದು. ಶಕ್ತಿಯಿದ್ದರೂ ಬಾಧಿತ ಕೈಯನ್ನು ಬಳಸದೆ ಬಿಡುವ ಅಭ್ಯಾಸವನ್ನು ಅಮೆರಿಕದ ಮನೋವಿಜ್ಞಾನಿ ಎಡ್ವರ್ಡ್ ಟೌಬ್ ‘ಕಲಿತ ನಿರುಪಯೋಗ’ ಎಂದು ಗುರುತಿಸಿದರು.

ಧರಿಸುವ ಸಂವೇದಕಗಳು

ಎರಡೂ ಮಣಿಕಟ್ಟುಗಳಿಗೆ ಗಡಿಯಾರದಂತೆ ಕಟ್ಟುವ ವೇಗೋತ್ಕರ್ಷ ಮಾಪಕಗಳು ಇಡೀ ದಿನದ ಚಲನೆಯನ್ನು ದಾಖಲಿಸುತ್ತವೆ. ಬಾಧಿತ ಕೈ ಚಲಿಸಿದ ಅವಧಿಯನ್ನು ಇನ್ನೊಂದು ಕೈ ಚಲಿಸಿದ ಅವಧಿಯಿಂದ ಭಾಗಿಸಿ ಬಳಕೆಯ ಅನುಪಾತವನ್ನು ಪಡೆಯಲಾಗುತ್ತದೆ. ಆರೋಗ್ಯವಂತ ವಯಸ್ಕರಲ್ಲಿ, ಪ್ರಬಲವಲ್ಲದ ಕೈಯನ್ನು ಪ್ರಬಲ ಕೈಯೊಂದಿಗೆ ಹೋಲಿಸಿದಾಗ, ಈ ಅನುಪಾತ ಸುಮಾರು 0.95 ಇರುತ್ತದೆ. ಅಂದರೆ ಬಲಗೈ ರೂಢಿಯವರೂ ದಿನವಿಡೀ ಎರಡೂ ಕೈಗಳನ್ನು ಬಹುತೇಕ ಸಮನಾಗಿ ಬಳಸುತ್ತಾರೆ. ನಡೆಯುವಾಗ ಕೈ ಬೀಸುವುದನ್ನೂ ಸಂವೇದಕ ಬಳಕೆಯೆಂದೇ ಎಣಿಸುವುದು ಇದರ ಒಂದು ದೋಷ.

ಕ್ಯಾಮೆರಾ ಆಧಾರಿತ ಗಣಕ ವಿಶ್ಲೇಷಣೆ

ಓಪನ್‌ಪೋಸ್, ಮೀಡಿಯಾಪೈಪ್ ಮುಂತಾದ ತಂತ್ರಾಂಶಗಳು ಸಾಮಾನ್ಯ ಕ್ಯಾಮೆರಾದ ಚಿತ್ರದಿಂದಲೇ ದೇಹದ ಕೀಲುಗಳ ಸ್ಥಾನವನ್ನು ಗುರುತಿಸುತ್ತವೆ. ಗೂಗಲ್‌ನ ಮೀಡಿಯಾಪೈಪ್ ಒಂದು ಹಸ್ತದಲ್ಲಿ 21 ಬಿಂದುಗಳನ್ನು, ಇಡೀ ದೇಹದಲ್ಲಿ 33 ಬಿಂದುಗಳನ್ನು ಗುರುತಿಸುತ್ತದೆ. ಇದರಿಂದ ಮೊಣಕೈಯ ಕೋನ, ಚಲನೆಯ ವೇಗ ಮತ್ತು ನಡುಕವನ್ನು ಲೆಕ್ಕ ಹಾಕಬಹುದು. ಒಂದೇ ಕ್ಯಾಮೆರಾ ಇರುವಾಗ ಆಳದ ಅಂದಾಜು ತಪ್ಪಬಹುದು. ಕೈ ನೇರವಾಗಿ ಕ್ಯಾಮೆರಾದತ್ತ ಚಾಚಿದಾಗ, ಬೆರಳುಗಳು ವಸ್ತುವಿನ ಹಿಂದೆ ಮರೆಯಾದಾಗ, ಸೀರೆಯ ಸೆರಗು ಅಥವಾ ಹೊದ್ದ ಶಾಲು ಭುಜವನ್ನು ಮುಚ್ಚಿದಾಗ ಲೆಕ್ಕ ಏರುಪೇರಾಗುತ್ತದೆ.

ಪರೀಕ್ಷೆಯ ಕ್ರಮ

ದೂರ ಪರೀಕ್ಷೆಗೆ ರೋಗಿಯ ಜೊತೆ ಒಬ್ಬ ಸಹಾಯಕರಿರುವುದು ಅಪೇಕ್ಷಣೀಯ. ಜಾರದ ನೆಲದ ಮೇಲೆ ಗಟ್ಟಿಯಾದ ಕುರ್ಚಿಯಿಟ್ಟು, ಪಾದಗಳು ನೆಲಕ್ಕೆ ತಾಗುವಂತೆ ರೋಗಿಯನ್ನು ಕೂರಿಸಲಾಗುತ್ತದೆ. ಬೆಳಕು ರೋಗಿಯ ಮುಂದಿನಿಂದ ಬೀಳಬೇಕು. ಬೆನ್ನ ಹಿಂದೆ ಬಾಗಿಲು ಅಥವಾ ಕಿಟಕಿ ಇದ್ದರೆ ಚಿತ್ರ ಕಪ್ಪಾಗುತ್ತದೆ. ಫೋನನ್ನು ಕೈಯಲ್ಲಿ ಹಿಡಿಯುವುದಕ್ಕಿಂತ ಮೇಜಿನ ಮೇಲೆ ಆಧಾರ ಕೊಟ್ಟು ನಿಲ್ಲಿಸುವುದು ಲೇಸು. ತಲೆಯಿಂದ ಮೊಣಕಾಲಿನವರೆಗೆ ದೇಹ ಕಾಣಿಸಬೇಕು. ಭುಜ ಮತ್ತು ಮೊಣಕೈ ಕಾಣುವಂತೆ ತೋಳು ಗಿಡ್ಡದ ಉಡುಪು ಅನುಕೂಲ.

ಮುಂಡವನ್ನೂ ಕಾಣುವಂತೆ ಚಿತ್ರೀಕರಿಸುವುದಕ್ಕೆ ಕಾರಣವಿದೆ. ತೋಳು ಮುಂದಕ್ಕೆ ಚಾಚಲಾಗದ ರೋಗಿ ಸೊಂಟದಿಂದ ಬಾಗಿ ಅಥವಾ ಭುಜವನ್ನು ಮೇಲಕ್ಕೆತ್ತಿ ಲೋಟವನ್ನು ಮುಟ್ಟುತ್ತಾರೆ. ಕೆಲಸ ಆಗುತ್ತದೆ, ಆದರೆ ತೋಳು ಚೇತರಿಸಿಕೊಂಡಿರುವುದಿಲ್ಲ. ಕೈಯನ್ನಷ್ಟೇ ತೋರಿಸುವ ಚಿತ್ರದಲ್ಲಿ ಈ ಬದಲಿ ಚಲನೆ ಕಾಣಿಸದೆ, ಸಿಗಬೇಕಾದುದಕ್ಕಿಂತ ಹೆಚ್ಚು ಅಂಕ ಸಿಗುತ್ತದೆ.

ಸಹಾಯಕರಿಗೆ ಪರೀಕ್ಷೆಗೆ ಮೊದಲೇ ಎರಡು ಸೂಚನೆಗಳನ್ನು ನೀಡಲಾಗುತ್ತದೆ. ರೋಗಿ ಬೀಳದಂತೆ ಬಾಧಿತ ಬದಿಯಲ್ಲಿ ನಿಲ್ಲಬೇಕು. ಕೈ ಎತ್ತಲು ನೆರವಾಗಬಾರದು. ಎರಡನೆಯದನ್ನು ಪಾಲಿಸುವುದು ಮನೆಯವರಿಗೆ ಕಷ್ಟ. ತಂದೆಯೋ ತಾಯಿಯೋ ಹೆಣಗುವುದನ್ನು ನೋಡಲಾರದೆ ಮಕ್ಕಳು ಮೊಣಕೈಗೆ ಕೈಕೊಡುವುದು ಸಾಮಾನ್ಯ. ದುರ್ಬಲ ತೋಳನ್ನು ಹಿಡಿದೆಳೆದು ಎಬ್ಬಿಸಬಾರದು ಎಂಬುದನ್ನೂ ಇದೇ ಸಂದರ್ಭದಲ್ಲಿ ಹೇಳಿಕೊಡಲಾಗುತ್ತದೆ. ಹಾಗೆ ಎಳೆಯುವುದರಿಂದ ಭುಜದ ಕೀಲಿಗೆ ಪೆಟ್ಟಾಗಿ ನೋವು ದೀರ್ಘಕಾಲ ಉಳಿಯಬಹುದು.

ಹಸ್ತದ ಹಿಡಿತದ ಪರೀಕ್ಷೆಯಲ್ಲಿ ಕಾಗದ, ಪೆನ್ಸಿಲ್, ಉರುಳೆಯಾಕಾರದ ಡಬ್ಬಿ ಮತ್ತು ಟೆನಿಸ್ ಚೆಂಡನ್ನು ರೋಗಿ ಹಿಡಿದುಕೊಳ್ಳಬೇಕು. ಆಸ್ಪತ್ರೆಯಲ್ಲಿ ಪರೀಕ್ಷಕರು ಆ ವಸ್ತುವನ್ನು ಮೆಲ್ಲಗೆ ಎಳೆದು ಹಿಡಿತದ ಬಿಗಿಯನ್ನು ನೋಡುತ್ತಾರೆ. ದೂರ ಪರೀಕ್ಷೆಯಲ್ಲಿ ಈ ಕೆಲಸವನ್ನು ಸಹಾಯಕರು ಮಾಡಬೇಕಾಗುವುದರಿಂದ, ಒಬ್ಬೊಬ್ಬರು ಎಳೆಯುವ ಬಲದಲ್ಲಿ ವ್ಯತ್ಯಾಸ ಬರುತ್ತದೆ.

ಕರೆಯ ನಡುವೆ ಮುಖ ಸೊಟ್ಟಗಾಗುವುದು, ಮಾತು ತೊದಲುವುದು, ಹೊಸದಾಗಿ ಕೈಕಾಲು ಸೋಲುವುದು ಕಂಡರೆ ಪರೀಕ್ಷೆಯನ್ನು ಅಲ್ಲಿಗೇ ನಿಲ್ಲಿಸಿ, 108 ಆಂಬುಲೆನ್ಸ್ ಮೂಲಕ ಆಸ್ಪತ್ರೆಗೆ ಕಳುಹಿಸಬೇಕಾಗುತ್ತದೆ. ಇದಕ್ಕಾಗಿ ರೋಗಿ ಇರುವ ಊರು, ಮನೆಯ ಗುರುತು ಮತ್ತು ಸಮೀಪದ ಆಸ್ಪತ್ರೆಯ ವಿವರವನ್ನು ಕರೆಯ ಆರಂಭದಲ್ಲೇ ಬರೆದುಕೊಳ್ಳುವುದು ಉತ್ತಮ ಪದ್ಧತಿ.

ದೂರದಿಂದ ಅಳೆಯಲಾಗದ ಅಂಶಗಳು

ಮುಟ್ಟಿ ನೋಡಬೇಕಾದ ಯಾವುದನ್ನೂ ವಿಡಿಯೊ ತೋರಿಸಲಾರದು. ಸ್ನಾಯುವಿನ ಬಿಗಿತವನ್ನು ಅಳೆಯುವ ಪರಿಷ್ಕೃತ ಆಶ್‌ವರ್ತ್ ಮಾಪಕದಲ್ಲಿ ಪರೀಕ್ಷಕರೇ ರೋಗಿಯ ಕೈಯನ್ನು ಚಲಿಸಿ ತಡೆಯನ್ನು ಅನುಭವಿಸಬೇಕು. ಸುತ್ತಿಗೆಯಿಂದ ನೋಡುವ ಪ್ರತಿವರ್ತನೆಗಳು, ಸ್ಪರ್ಶಜ್ಞಾನ, ಕೀಲಿನ ಸ್ಥಾನಜ್ಞಾನ ಮತ್ತು ಭುಜದ ಕೀಲು ಜಾರಿರುವ ಪ್ರಮಾಣವೂ ಇದೇ ವರ್ಗಕ್ಕೆ ಸೇರುತ್ತವೆ. ಆದ್ದರಿಂದ ಫ್ಯೂಗಲ್-ಮೇಯರ್ ಮಾಪಕದ ದೂರ ರೂಪಗಳಲ್ಲಿ ಪ್ರತಿವರ್ತನೆಯ ಅಂಶಗಳನ್ನು ಕೈಬಿಡಲಾಗುತ್ತದೆ. ಹೀಗೆ ಮಾಡಿದಾಗ ಗರಿಷ್ಠ ಅಂಕ 66ಕ್ಕಿಂತ ಕಡಿಮೆಯಾಗುತ್ತದೆ. ದೂರದಿಂದ ಪಡೆದ ಅಂಕವನ್ನು ಆಸ್ಪತ್ರೆಯಲ್ಲಿ ಪಡೆದ ಅಂಕದೊಂದಿಗೆ ನೇರವಾಗಿ ಹೋಲಿಸುವುದು ತಪ್ಪಾಗುತ್ತದೆ.

ವಿಶ್ವಾಸಾರ್ಹತೆ ಮತ್ತು ಅಂಕಗಳ ಅರ್ಥ

ಒಂದು ಮಾಪನ ವಿಶ್ವಾಸಾರ್ಹ ಎನಿಸಬೇಕಾದರೆ ಇಬ್ಬರು ಪರೀಕ್ಷಕರು ಬೇರೆಬೇರೆಯಾಗಿ ನೋಡಿದರೂ, ಒಬ್ಬರೇ ಎರಡು ಬಾರಿ ನೋಡಿದರೂ ಸರಿಸುಮಾರು ಅದೇ ಅಂಕ ಬರಬೇಕು. ಅಂಕದಲ್ಲಿ ಕಂಡ ಸಣ್ಣ ಏರಿಕೆಯೆಲ್ಲ ಚೇತರಿಕೆಯಲ್ಲ. ದೀರ್ಘಕಾಲದ ಪಾರ್ಶ್ವವಾಯು ರೋಗಿಗಳಲ್ಲಿ ಫ್ಯೂಗಲ್-ಮೇಯರ್ ತೋಳಿನ ಅಂಕ ಸುಮಾರು 4ರಿಂದ 7ರಷ್ಟು ಹೆಚ್ಚಿದಾಗ, ಆಕ್ಷನ್ ರಿಸರ್ಚ್ ಆರ್ಮ್ ಟೆಸ್ಟ್‌ನಲ್ಲಿ ಸುಮಾರು 6ರಷ್ಟು ಹೆಚ್ಚಿದಾಗ ಅದು ಅರ್ಥಪೂರ್ಣ ಬದಲಾವಣೆ ಎಂದು ಪರಿಗಣಿಸುವ ರೂಢಿಯಿದೆ. ಒಂದು ತಿಂಗಳು ಆಸ್ಪತ್ರೆಯಲ್ಲೂ ಮರುತಿಂಗಳು ವಿಡಿಯೊದಲ್ಲೂ ಅಳೆದರೆ, ಅಂಕದ ವ್ಯತ್ಯಾಸ ರೋಗಿಯದೋ ವಿಧಾನದ್ದೋ ಎಂದು ಹೇಳಲಾಗದು. ಒಬ್ಬ ರೋಗಿಯನ್ನು ಒಂದೇ ವಿಧಾನದಲ್ಲಿ, ಸಾಧ್ಯವಾದರೆ ಒಬ್ಬರೇ ಪರೀಕ್ಷಕರು, ದಿನದ ಅದೇ ಹೊತ್ತಿನಲ್ಲಿ ನೋಡುವುದು ಇದಕ್ಕೆ ಪರಿಹಾರ.

ದೂರದಿಂದ ನೀಡಿದ ಚಿಕಿತ್ಸೆ ಫಲಕಾರಿಯೇ ಎಂಬ ಪ್ರಶ್ನೆಗೆ ಅಮೆರಿಕದಲ್ಲಿ ಸ್ಟೀವನ್ ಕ್ರೇಮರ್ ನೇತೃತ್ವದಲ್ಲಿ 11 ಕೇಂದ್ರಗಳಲ್ಲಿ ನಡೆದು 2019ರಲ್ಲಿ ಪ್ರಕಟವಾದ ಪ್ರಯೋಗ ಮುಖ್ಯ ಆಧಾರವಾಗಿದೆ. ತೋಳಿನ ದೌರ್ಬಲ್ಯವಿದ್ದ 124 ಜನರು ತಲಾ 70 ನಿಮಿಷಗಳ 36 ಅವಧಿಗಳ ಚಿಕಿತ್ಸೆ ಪಡೆದರು. ಫ್ಯೂಗಲ್-ಮೇಯರ್ ಅಂಕ ಆಸ್ಪತ್ರೆಗೆ ಬಂದವರಲ್ಲಿ ಸರಾಸರಿ 8.36, ಮನೆಯಲ್ಲೇ ದೂರ ಚಿಕಿತ್ಸೆ ಪಡೆದವರಲ್ಲಿ ಸರಾಸರಿ 7.86 ಏರಿತು. ದೂರ ಚಿಕಿತ್ಸೆ ಕೀಳಲ್ಲ ಎಂಬ ತೀರ್ಮಾನಕ್ಕೆ ಬರಲಾಯಿತು. 2020ರ ಕಾಕ್ರೇನ್ ವಿಮರ್ಶೆಯು 22 ಪ್ರಯೋಗಗಳನ್ನು, ಒಟ್ಟು 1,937 ರೋಗಿಗಳನ್ನು ಒಳಗೊಂಡಿತ್ತು.

ಭಾರತದಲ್ಲಿ

ಭಾರತದಲ್ಲಿ ಪಾರ್ಶ್ವವಾಯು ರೋಗಿಗಳ ಮನೆಯ ಆರೈಕೆ ಬಹುಮಟ್ಟಿಗೆ ಕುಟುಂಬದ ಹೊಣೆ. ಕುಟುಂಬದವರಿಗೇ ತರಬೇತಿ ನೀಡಿ ವ್ಯಾಯಾಮ ಮಾಡಿಸುವ ಪದ್ಧತಿಯನ್ನು ‘ಅಟೆಂಡ್’ ಎಂಬ ಪ್ರಯೋಗ ದೇಶದ 14 ಆಸ್ಪತ್ರೆಗಳ 1,250 ರೋಗಿಗಳಲ್ಲಿ ಪರಿಶೀಲಿಸಿತು. 2017ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ, ಆರು ತಿಂಗಳ ಬಳಿಕ ಮರಣ ಹೊಂದಿದವರ ಅಥವಾ ಪರಾವಲಂಬಿಗಳಾಗಿ ಉಳಿದವರ ಪ್ರಮಾಣ ಎರಡೂ ಗುಂಪುಗಳಲ್ಲಿ ಶೇ. 47. ತರಬೇತಿ ಕೊಟ್ಟು ಮನೆಗೆ ಕಳುಹಿಸಿದ ಮಾತ್ರಕ್ಕೆ ಸಾಲದು ಎಂಬುದು ಇದರಿಂದ ಸ್ಪಷ್ಟವಾಯಿತು. ಚೆನ್ನೈಯಲ್ಲಿ ಸ್ಮಾರ್ಟ್‌ಫೋನ್ ಆಧಾರಿತ, ಆರೈಕೆದಾರರ ನೆರವಿನ ‘ಕೇರ್ ಫಾರ್ ಸ್ಟ್ರೋಕ್’ ಎಂಬ ಕಾರ್ಯಕ್ರಮವನ್ನು ರೂಪಿಸಿ ಪರೀಕ್ಷಿಸಲಾಗಿದೆ.

ಕೇಂದ್ರ ಸರ್ಕಾರದ ಟೆಲಿಮೆಡಿಸಿನ್ ವೃತ್ತಿ ಮಾರ್ಗಸೂಚಿಗಳು 2020ರ ಮಾರ್ಚ್ 25ರಂದು ಪ್ರಕಟವಾದವು. ಮೊಹಾಲಿಯ ಸಿ-ಡ್ಯಾಕ್ ಅಭಿವೃದ್ಧಿಪಡಿಸಿದ ಇ-ಸಂಜೀವಿನಿ ವೇದಿಕೆಯಲ್ಲಿ ವೈದ್ಯರಿಂದ ವೈದ್ಯರಿಗೆ ಸಲಹೆ ನೀಡುವ ವ್ಯವಸ್ಥೆ 2019ರ ನವೆಂಬರ್‌ನಲ್ಲಿ, ರೋಗಿಗಳಿಗೆ ನೇರವಾಗಿ ಲಭ್ಯವಾಗುವ ಹೊರರೋಗಿ ಸೇವೆ 2020ರ ಏಪ್ರಿಲ್‌ನಲ್ಲಿ ಆರಂಭವಾಯಿತು.

ಕರ್ನಾಟಕದಲ್ಲಿ

ಕರ್ನಾಟಕ ಭಾರತದಲ್ಲಿ ದೂರವೈದ್ಯ ಸೇವೆಯನ್ನು ಬೇಗನೆ ಅಳವಡಿಸಿಕೊಂಡ ರಾಜ್ಯಗಳಲ್ಲೊಂದು. ಇಸ್ರೊದ ಉಪಗ್ರಹ ಸಂಪರ್ಕದ ನೆರವಿನಿಂದ 2002ರಲ್ಲಿ ಬೆಂಗಳೂರಿನ ನಾರಾಯಣ ಹೃದಯಾಲಯವನ್ನು ಚಾಮರಾಜನಗರ ಜಿಲ್ಲಾಸ್ಪತ್ರೆ ಮತ್ತು ಸರಗೂರಿನ ವಿವೇಕಾನಂದ ಸ್ಮಾರಕ ಆಸ್ಪತ್ರೆಯೊಂದಿಗೆ ಜೋಡಿಸಲಾಯಿತು. ಆ ಯೋಜನೆಯ ಮುಖ್ಯ ಗುರಿ ಹೃದ್ರೋಗಿಗಳಾಗಿದ್ದರು.

ನರರೋಗಗಳ ಕ್ಷೇತ್ರದಲ್ಲಿ ಬೆಂಗಳೂರಿನ ರಾಷ್ಟ್ರೀಯ ಮಾನಸಿಕ ಆರೋಗ್ಯ ಮತ್ತು ನರವಿಜ್ಞಾನ ಸಂಸ್ಥೆ (ನಿಮ್ಹಾನ್ಸ್) ರಾಜ್ಯದ ಪ್ರಮುಖ ಕೇಂದ್ರ. ನಿಮ್ಹಾನ್ಸ್, ರಾಜ್ಯ ಸರ್ಕಾರ ಮತ್ತು ನೀತಿ ಆಯೋಗ ಸೇರಿ 2022ರಲ್ಲಿ ಕರ್ನಾಟಕ ಮೆದುಳು ಆರೋಗ್ಯ ಉಪಕ್ರಮವನ್ನು ಆರಂಭಿಸಿದವು. ಪಾರ್ಶ್ವವಾಯು, ಮೂರ್ಛೆರೋಗ, ತಲೆನೋವು ಮತ್ತು ಮರೆವಿನ ರೋಗಗಳನ್ನು ಜಿಲ್ಲಾ ಮಟ್ಟದಲ್ಲೇ ಗುರುತಿಸಿ ಚಿಕಿತ್ಸೆ ನೀಡುವುದು ಇದರ ಆಶಯ. ಮೊದಲ ಹಂತದಲ್ಲಿ ಕೋಲಾರ, ಚಿಕ್ಕಬಳ್ಳಾಪುರ ಮತ್ತು ಬೆಂಗಳೂರು ದಕ್ಷಿಣ ಭಾಗಗಳನ್ನು ಆರಿಸಿಕೊಳ್ಳಲಾಯಿತು. ಪಾರ್ಶ್ವವಾಯುವಿನಿಂದ ಮಾತು ಕಳೆದುಕೊಂಡವರ ಚಿಕಿತ್ಸೆಯಲ್ಲಿ 1965ರಲ್ಲಿ ಸ್ಥಾಪನೆಯಾದ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಹೆಸರಾಗಿದೆ.

ಗ್ರಾಮಮಟ್ಟದಲ್ಲಿ ಆಶಾ ಕಾರ್ಯಕರ್ತೆಯರಲ್ಲದೆ, ಅಂಗವಿಕಲರ ಸೇವೆಗಾಗಿ ಗ್ರಾಮ ಪಂಚಾಯಿತಿಗಳಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರೂ ತಾಲ್ಲೂಕು ಮಟ್ಟದಲ್ಲಿ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರೂ ಇದ್ದಾರೆ. ರೋಗಿಯ ಮನೆಗೆ ಹೋಗಿ ಫೋನನ್ನು ಸರಿಯಾಗಿ ನಿಲ್ಲಿಸಿ, ಚಲನೆಗಳನ್ನು ಮಾಡಿಸಿ, ನೆರವು ನೀಡದೆ ನೋಡಬಲ್ಲ ತರಬೇತಿ ಪಡೆದ ಸಹಾಯಕರು ದೂರ ಮೌಲ್ಯಮಾಪನದ ದೊಡ್ಡ ಕೊರತೆ. ಆ ಕೊರತೆಯನ್ನು ತುಂಬಲು ಈ ವ್ಯವಸ್ಥೆಯಲ್ಲಿ ಅವಕಾಶವಿದೆ.

ಗ್ರಾಮೀಣ ಸನ್ನಿವೇಶ: ಹಗರೆ ಮತ್ತು ಸುತ್ತಮುತ್ತ

ದೂರ ಮೌಲ್ಯಮಾಪನ ಯಾವ ಸಮಸ್ಯೆಗೆ ಉತ್ತರ ಎಂಬುದಕ್ಕೆ ಹಾಸನ ಜಿಲ್ಲೆಯ ಹಗರೆಯಂಥ ಊರುಗಳು ನಿದರ್ಶನ. ಬೇಲೂರು ತಾಲ್ಲೂಕಿಗೆ ಸೇರಿದ ಹಗರೆ, ಹಾಸನದಿಂದ ಬೇಲೂರಿಗೆ ಹೋಗುವ ರಸ್ತೆಯಲ್ಲಿದೆ. ಹಳೇಬೀಡಿಗೂ ಇಲ್ಲಿಂದ ದಾರಿಯಿದೆ. ತಾಲ್ಲೂಕು ಆಸ್ಪತ್ರೆ ಬೇಲೂರಿನಲ್ಲಿದೆ. ಸರ್ಕಾರಿ ವೈದ್ಯಕೀಯ ಕಾಲೇಜಾದ ಹಾಸನ ವೈದ್ಯಕೀಯ ವಿಜ್ಞಾನಗಳ ಸಂಸ್ಥೆ 2006ರಲ್ಲಿ ಜಿಲ್ಲಾ ಕೇಂದ್ರದಲ್ಲಿ ಆರಂಭವಾಯಿತು. ನಿಮ್ಹಾನ್ಸ್ ಇರುವ ಬೆಂಗಳೂರು ಹಾಸನದಿಂದ ಸುಮಾರು 180 ಕಿ.ಮೀ. ದೂರದಲ್ಲಿದೆ.

ಪಾರ್ಶ್ವವಾಯುವಿನಿಂದ ಒಂದು ಬದಿ ಸ್ವಾಧೀನ ತಪ್ಪಿದ ವ್ಯಕ್ತಿ ಬಸ್ಸಿನ ಮೆಟ್ಟಿಲು ಹತ್ತುವುದು ಕಷ್ಟ. ಬಾಡಿಗೆ ವಾಹನ ಗೊತ್ತುಮಾಡಬೇಕು, ಜೊತೆಗೆ ಮನೆಯ ಒಬ್ಬರು ಆ ದಿನದ ಕೂಲಿ ಅಥವಾ ಹೊಲದ ಕೆಲಸ ಬಿಟ್ಟು ಹೋಗಬೇಕು. ಹತ್ತು ನಿಮಿಷಗಳ ಪರೀಕ್ಷೆಗೆ ಇಡೀ ದಿನ ಖರ್ಚಾಗುತ್ತದೆ. ಹೀಗಾಗಿ ಮರುಭೇಟಿಗಳು ಮೊದಲು ತಡವಾಗುತ್ತವೆ, ಬಳಿಕ ನಿಂತುಹೋಗುತ್ತವೆ. ಆ ನಡುವೆ ಬೆರಳುಗಳು ಬಿಗಿದು ಮುಷ್ಟಿ ಕಟ್ಟಿಕೊಂಡರೂ, ಭುಜದ ನೋವು ಹೆಚ್ಚಿದರೂ, ಇಲ್ಲವೇ ಬೆರಳುಗಳಲ್ಲಿ ಹೊಸ ಚಲನೆ ಕಾಣಿಸಿಕೊಂಡರೂ ಅದು ಚಿಕಿತ್ಸಕರಿಗೆ ತಿಳಿಯುವುದಿಲ್ಲ. ಎಲ್ಲ ಭೇಟಿಗಳನ್ನೂ ತಪ್ಪಿಸಲಾಗದಿದ್ದರೂ, ಯಾವ ಭೇಟಿ ಅನಿವಾರ್ಯ ಎಂಬುದನ್ನು ದೂರ ಮೌಲ್ಯಮಾಪನ ಮೊದಲೇ ಹೇಳಬಲ್ಲದು.

ಬೇಲೂರು ತಾಲ್ಲೂಕು ಬಯಲುಸೀಮೆ ಮತ್ತು ಮಲೆನಾಡಿನ ಸಂಧಿಯಲ್ಲಿದೆ. ಪಶ್ಚಿಮದ ಗುಡ್ಡಗಳ ಕಡೆ ಮೊಬೈಲ್ ಸಂಕೇತ ದುರ್ಬಲವಾಗುತ್ತದೆ, ಮಳೆಗಾಲದಲ್ಲಿ ವಿದ್ಯುತ್ ಕಡಿತವೂ ಸೇರಿಕೊಳ್ಳುತ್ತದೆ. ವಿಡಿಯೊ ತಡೆತಡೆದು ಬಂದರೆ ರೋಗಿಯ ಕೈ ನಡುಗಿತೋ ಚಿತ್ರ ನಡುಗಿತೋ ತಿಳಿಯದು. ಇಂಥ ಕಡೆ ಚಿತ್ರೀಕರಿಸಿ ಕಳುಹಿಸುವ ವಿಧಾನವೂ ದೂರವಾಣಿ ಪ್ರಶ್ನಾವಳಿಯೂ ಹೆಚ್ಚು ಉಪಯುಕ್ತ.

ಭಾಷೆ ಮತ್ತು ದಿನಚರಿ

ಪಾಶ್ಚಾತ್ಯ ಮಾಪಕಗಳಲ್ಲಿನ ಕೆಲವು ಕೆಲಸಗಳು ಕನ್ನಡ ನಾಡಿನ ಗ್ರಾಮೀಣ ದಿನಚರಿಗೆ ಹೊಂದುವುದಿಲ್ಲ. ಫೋರ್ಕ್ ಅಥವಾ ಚಮಚ ಬಳಸಿ ಊಟ ಮಾಡುತ್ತೀರಾ ಎಂಬ ಪ್ರಶ್ನೆಗೆ ‘ಇಲ್ಲ’ ಎಂಬ ಉತ್ತರ ಬಂದರೆ ಅದು ದೌರ್ಬಲ್ಯವನ್ನು ಸೂಚಿಸದು. ರಾಗಿಮುದ್ದೆಯನ್ನು ಮುರಿದು, ಬೆರಳುಗಳಲ್ಲಿ ಉಂಡೆ ಮಾಡಿ, ಸಾರಿನಲ್ಲಿ ಅದ್ದಿ ಬಾಯಿಗೆ ಒಯ್ಯುವುದರಲ್ಲಿ ಬೆರಳುಗಳ ಹಿಡಿತ, ಮುಂಗೈ ತಿರುಗಿಸುವಿಕೆ ಮತ್ತು ಮೊಣಕೈ ಮಡಿಕೆ ಮೂರೂ ಸೇರಿವೆ. ಪಂಚೆ ಅಥವಾ ಸೀರೆ ಉಡುವುದು, ತಂಬಿಗೆಯಿಂದ ನೀರು ಸುರಿದುಕೊಳ್ಳುವುದು, ಜಡೆ ಹೆಣೆಯುವುದು, ಕಾಯಿ ತುರಿಯುವುದು ಎರಡೂ ಕೈಗಳ ಹೊಂದಾಣಿಕೆಯನ್ನು ತೋರಿಸುವ ಕೆಲಸಗಳು.

ಯಾವ ಕೈ ಬಾಧಿತವಾಗಿದೆ ಎಂಬುದಕ್ಕೆ ಸಾಮಾಜಿಕ ಅರ್ಥವೂ ಇದೆ. ಊಟ ಮತ್ತು ಪೂಜೆಗೆ ಬಲಗೈ, ಶೌಚಕ್ಕೆ ಎಡಗೈ ಎಂಬ ರೂಢಿಯಿರುವಲ್ಲಿ ಬಲಗೈ ಸೋತವರು ಎಡಗೈಯಿಂದ ಉಣ್ಣಲು ಸಂಕೋಚಪಡುತ್ತಾರೆ, ಎಡಗೈ ಸೋತವರಿಗೆ ಶೌಚದಲ್ಲಿ ಮತ್ತೊಬ್ಬರ ನೆರವು ಬೇಕಾಗುತ್ತದೆ. ಮನೆಯವರೆಲ್ಲ ಸುತ್ತ ನಿಂತಿರುವ ವಿಡಿಯೊ ಕರೆಯಲ್ಲಿ ಇಂಥ ಪ್ರಶ್ನೆಗಳಿಗೆ ರೋಗಿ ನಿಜವಾದ ಉತ್ತರ ಕೊಡದಿರಬಹುದು.

ಮೆದುಳಿನ ಎಡಭಾಗಕ್ಕೆ ಪೆಟ್ಟಾದವರಲ್ಲಿ ಬಲಗೈ ದೌರ್ಬಲ್ಯದ ಜೊತೆಗೆ ಮಾತು ಗ್ರಹಿಸುವ ತೊಂದರೆಯೂ ಇರುವುದುಂಟು. ಹೇಳಿದ್ದು ತಿಳಿಯದೆ ಕೈ ಎತ್ತದಿರುವುದು ಮತ್ತು ಕೈ ಎತ್ತಲಾರದಿರುವುದು ಬೇರೆಬೇರೆ. ಸೂಚನೆಗಳನ್ನು ರೋಗಿಯ ಆಡುನುಡಿಯಲ್ಲಿ ಚಿಕ್ಕ ಚಿಕ್ಕ ವಾಕ್ಯಗಳಲ್ಲಿ ನೀಡಿ, ಚಲನೆಯನ್ನು ಮಾಡಿ ತೋರಿಸುವುದು ಇದಕ್ಕಾಗಿ ಅವಶ್ಯ.

ಕಾನೂನು ಮತ್ತು ಗೋಪ್ಯತೆ

2020ರ ಟೆಲಿಮೆಡಿಸಿನ್ ಮಾರ್ಗಸೂಚಿಗಳು ನೋಂದಾಯಿತ ವೈದ್ಯರಿಗೆ ಅನ್ವಯಿಸುತ್ತವೆ. ಭೌತಚಿಕಿತ್ಸೆ ಸೇರಿದಂತೆ ಇತರ ಆರೋಗ್ಯ ವೃತ್ತಿಗಳ ನಿಯಂತ್ರಣಕ್ಕಾಗಿ ಸಂಸತ್ತು 2021ರಲ್ಲಿ ಪ್ರತ್ಯೇಕ ಕಾಯ್ದೆಯನ್ನು ಅಂಗೀಕರಿಸಿತು. ಪರೀಕ್ಷೆಯ ದೃಶ್ಯಗಳು ರೋಗಿಯ ವೈಯಕ್ತಿಕ ಮಾಹಿತಿಯಾಗಿರುವುದರಿಂದ ಚಿತ್ರೀಕರಣಕ್ಕೆ ಮೊದಲು ಒಪ್ಪಿಗೆ ಪಡೆಯಬೇಕು. ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 2023ರಲ್ಲಿ ಅಂಗೀಕಾರವಾಗಿದೆ.

ದೂರ ಮೌಲ್ಯಮಾಪನದ ಅಂಕ ಅಂಗವೈಕಲ್ಯ ಪ್ರಮಾಣಪತ್ರಕ್ಕೆ ಬದಲಿಯಲ್ಲ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯಡಿ ಹಲವು ಸೌಲಭ್ಯಗಳಿಗೆ ಕನಿಷ್ಠ ಶೇ. 40ರ ವೈಕಲ್ಯವನ್ನು ಅಧಿಕೃತ ವೈದ್ಯಕೀಯ ಪ್ರಾಧಿಕಾರ ದೃಢೀಕರಿಸಬೇಕು. ಚಿಕಿತ್ಸೆಗಾಗಿ ನೀಡುವ ಅಂಕಗಳಿಗೂ ಈ ಶೇಕಡಾವಾರು ಲೆಕ್ಕಕ್ಕೂ ನೇರ ಸಂಬಂಧವಿಲ್ಲ.

ಮಿತಿಗಳು

ದೂರ ಮೌಲ್ಯಮಾಪನದ ಬಹುತೇಕ ಅಧ್ಯಯನಗಳು ಸಣ್ಣ ಗುಂಪುಗಳಲ್ಲಿ ನಡೆದಿವೆ. ಅವುಗಳಲ್ಲಿ ಪಾಲ್ಗೊಂಡವರು ಸಾಮಾನ್ಯವಾಗಿ ಉತ್ತಮ ಸಂಪರ್ಕ, ನೆರವಿಗೆ ಜನ ಮತ್ತು ಸೂಚನೆಗಳನ್ನು ಗ್ರಹಿಸುವ ಶಕ್ತಿ ಇರುವವರು. ಒಂಟಿಯಾಗಿರುವ ವೃದ್ಧರು, ದೃಷ್ಟಿ ಅಥವಾ ಶ್ರವಣ ದೋಷವಿರುವವರು, ಮಾತು ಕಳೆದುಕೊಂಡವರು ಇದರಿಂದ ಹೊರಗುಳಿಯುವ ಅಪಾಯವಿದೆ. ಮನೆಯಲ್ಲಿ ಒಂದೇ ಸ್ಮಾರ್ಟ್‌ಫೋನ್ ಇದ್ದು, ಅದು ಹಗಲು ದುಡಿಯಲು ಹೋಗುವವರ ಜೇಬಿನಲ್ಲಿದ್ದರೆ ರೋಗಿಯ ಪಾಲಿಗೆ ಅದು ಇಲ್ಲದಂತೆಯೇ.

ಅಳತೆಯ ನಂತರ ಚಿಕಿತ್ಸೆ ದೊರೆಯದಿದ್ದರೆ ಅಳತೆಯಿಂದ ಪ್ರಯೋಜನವಿಲ್ಲ. ಬಿಗಿತ ಹೆಚ್ಚಿದೆ ಎಂದು ದೂರದಿಂದ ಕಂಡುಕೊಂಡವರು ರೋಗಿಯನ್ನು ಎಲ್ಲಿಗೆ, ಯಾರ ಬಳಿಗೆ ಕಳುಹಿಸಬೇಕು ಎಂಬುದು ಮೊದಲೇ ನಿಶ್ಚಯವಾಗಿರಬೇಕು. ಈ ಕಾರಣದಿಂದ ದೂರ ಮೌಲ್ಯಮಾಪನವನ್ನು ಮುಖತಃ ಪರೀಕ್ಷೆಗೆ ಪರ್ಯಾಯವೆಂದು ಪರಿಗಣಿಸದೆ, ಎರಡು ಮುಖತಃ ಭೇಟಿಗಳ ನಡುವಿನ ಅಂತರವನ್ನು ತುಂಬುವ ಪೂರಕ ವಿಧಾನವೆಂದು ಪರಿಗಣಿಸಲಾಗುತ್ತದೆ.

ಇವನ್ನೂ ನೋಡಿ

ಪಾರ್ಶ್ವವಾಯು
ಭೌತಚಿಕಿತ್ಸೆ
ದೂರವೈದ್ಯ
ರಾಷ್ಟ್ರೀಯ ಮಾನಸಿಕ ಆರೋಗ್ಯ ಮತ್ತು ನರವಿಜ್ಞಾನ ಸಂಸ್ಥೆ
ಹಾಸನ ಜಿಲ್ಲೆ